ಅಳತೆ ಕಂಬಕ್ಕೆ ವಿಭೂತಿ

ಹೊಳೆ ನೀರು ಅಳೆಯುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ, ತುಂಗಭದ್ರೆಯಲ್ಲಿ ನೆಟ್ಟ ಅಳತೆ ಕಂಬದ ಅಂಕಿ ನೋಡಿ, ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆ ಅಂಕಿ ಹಿಡಿದುಕೊಂಡು ನಮ್ಮ ರಾಜ್ಯದವರೂ ಪಕ್ಕದ ರಾಜ್ಯದವರೂ ಜಗಳವಾಡುತ್ತಾರೆ. ಬೈಸಿಕೊಳ್ಳುವವನು ಮಾತ್ರ ನಾನು.

೧

ಸರಸ್ವತಿ ನಗರದ ನಮ್ಮ ಓಣಿಗೆ ಒಮ್ಮೆ ವಾರವಾದರೂ ನಲ್ಲಿ ನೀರು ಬರಲಿಲ್ಲ. ಪಕ್ಕದ ಮನೆಯಾಕೆ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು.

"ಹೊಳ್ಯಾಗ ನೀರು ಐತೇನ್ರಿ?"

"ಬೇಕಾದಷ್ಟು ಐತ್ರಿ. ಇವತ್ತೇ ಅಳೆದು ಬಂದೀನಿ."

"ಅಳೆದು ಅಲ್ಲೇ ಬಿಟ್ಟು ಬಂದ್ರಾ?"

ಒಳಗಿನಿಂದ ನನ್ನ ಹೆಂಡತಿ, "ಸಂತೆಗೆ ಹೋದ್ರೂ ಹಂಗೇರಿ ಇವರು, ರೇಟು ಕೇಳಿಕೊಂಡು ಬರ್ತಾರೆ" ಎಂದಳು.

೨

ಕಂಬದ ಪಕ್ಕದ ಕಲ್ಲಿನ ಮೇಲೆ ಒಬ್ಬ ಅಜ್ಜಿ ಬಟ್ಟೆ ಒಗೆಯುತ್ತಾಳೆ. ಒಂದು ದಿನ ಒಗೆದ ಕಂಬಳಿಯನ್ನು ಕಂಬಕ್ಕೇ ಹೊದಿಸಿದ್ದಳು. ಅಂಕಿ ಒಂದೂ ಕಾಣಲಿಲ್ಲ.

"ಅಜ್ಜಿ, ಕಂಬಳಿ ತಗಿ. ಎರಡು ರಾಜ್ಯದ ಲೆಕ್ಕ ನಿಂತೈತೆ."

"ನೀರು ಸೋರಲಿ ತಡಿಯಪ್ಪ. ಹೊಳೆ ನಿನ್ನೆಗಿಂತ ಎರಡು ಬೆರಳು ಇಳದೈತೆ, ಬರಕೋ."

ಕಂಬಳಿ ತೆಗೆದ ಮೇಲೆ ನೋಡಿದರೆ ಸರಿಯಾಗಿ ಎರಡೇ ಬೆರಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಿನ್ನೆ ಈ ಕಲ್ಲಿನ ಮ್ಯಾಲೆ ನಿಂತ್ರೆ ಹಿಮ್ಮಡಿ ನೆನೀತಿತ್ತು, ಇವತ್ತು ನೆನಿಲಿಲ್ಲ. ಇಷ್ಟಕ್ಕ ನಿನಗೆ ಪಗಾರ ಕೊಡ್ತಾರಾ?"

೩

ಆಯುಧ ಪೂಜೆಯ ದಿನ ಬಸ್ಸಿನವರು ಬಸ್ಸಿಗೆ, ದರ್ಜಿ ಮಿಷನ್ನಿಗೆ ಪೂಜೆ ಮಾಡುತ್ತಾರೆ. ನನ್ನ ಆಯುಧ ಈ ಕಂಬ. ಭಕ್ತಿಯಿಂದ ದಪ್ಪಗೆ ವಿಭೂತಿ ಬಳಿದು ಕುಂಕುಮ ಇಟ್ಟೆ. ಆಮೇಲೆ ನೋಡಿದರೆ, ನೀರಿನ ಮಟ್ಟಕ್ಕೆ ಒತ್ತಿಕೊಂಡಿದ್ದ ಅಂಕಿಗಳೇ ಮುಚ್ಚಿಹೋಗಿದ್ದವು. ಒರೆಸಲು ಮನಸ್ಸಾಗಲಿಲ್ಲ. ಅಜ್ಜಿಯ ಕಲ್ಲು ನೋಡಿಯೇ ಲೆಕ್ಕ ಬರೆಯತೊಡಗಿದೆ.

ಮೂರನೇ ದಿನ ಎರಡೂ ರಾಜ್ಯದ ಎಂಜಿನಿಯರುಗಳು ಒಟ್ಟಿಗೆ ತಪಾಸಣೆಗೆ ಬಂದಿಳಿದರು. ಬರೆದದ್ದು ತಪ್ಪಿದ್ದರೆ ನನ್ನ ಕೆಲಸಕ್ಕೇ ಸಂಚಕಾರ.

"ಅಂಕಿ ಎಲ್ಲೈತ್ರಿ?" ಎಂದರು ನಮ್ಮವರು.

"ವಿಭೂತಿ ಕೆಳಗೈತ್ರಿ ಸರ್."

"ಒರೆಸ್ರಿ."

"ಪೂಜೆ ಮಾಡಿದ್ದು ಸರ್. ನೀವೇ ಒರೆಸ್ರಿ."

ನಮ್ಮವರು ಕೈ ಹಿಂದೆ ಕಟ್ಟಿಕೊಂಡು ಪಕ್ಕದ ರಾಜ್ಯದವರತ್ತ ನೋಡಿದರು. ಅವರು ಆಗಲೇ ಬೂಟು ಬಿಚ್ಚಿ ಕಂಬಕ್ಕೆ ಕೈ ಮುಗಿಯುತ್ತಿದ್ದರು. ಎರಡು ರಾಜ್ಯಗಳು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ: ವಿಭೂತಿ, ಕುಂಕುಮ ಒರೆಸಬಾರದು.

ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಅಜ್ಜಿ ತನ್ನ ಕೊಡ ಮುಂದೆ ಚಾಚಿದಳು. "ಒರೆಸಬ್ಯಾಡ್ರಿ. ಅಭಿಷೇಕ ಮಾಡ್ರಿ."

ಇಬ್ಬರೂ ಒಂದೊಂದು ಕೊಡ ಸುರಿದರು. ವಿಭೂತಿ ಇಳಿಯಿತು, ಅಂಕಿ ಕಂಡಿತು. ಬೆಳಿಗ್ಗೆ ಕಲ್ಲು ನೋಡಿ ನಾನು ಬರೆದದ್ದೂ ಅದೇ. ಹೋದ ಜೀವ ಬಂದಂತಾಗಿ, ಸಹಿಗೆಂದು ಪುಸ್ತಕ ಹಿಡಿದೆ. ನಮ್ಮವರು ಹಾಕಿದರು. ಪಕ್ಕದ ರಾಜ್ಯದವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಪೆನ್ನು ತೆಗೆದವರು ಹಾಗೇ ನಿಂತರು.

"ತಡೀರಿ. ಅಭಿಷೇಕಕ್ಕೆ ನಿಮ್ಮವರು ಸುರಿದಿದ್ದು ತುಂಬಿದ ಕೊಡ. ನಮಗೆ ಕೊಟ್ಟಿದ್ದು ಮುಕ್ಕಾಲು."