ನಮ್ಮನೆಯ ನಾಲ್ಕು ಪ್ಲಗ್ಗು, ನಾಲ್ಕು ದೇವರು

ಮುಂಗಾರಿಗೆ ಮುಂಚೆ ಬರೋ ಗುಡುಗು ಮಳೆ ಇದೆಯಲ್ಲ, ಅದು ಪ್ರತಿ ವರ್ಷ ನಮ್ಮ ಕಡೆಗೆ ಒಂದಷ್ಟು ನೀರು ತರುತ್ತೆ, ಒಂದಷ್ಟು ಟೀವಿ ತಗೊಂಡು ಹೋಗುತ್ತೆ. ಹೋಗುವಾಗ ನನಗೆ ತಪ್ಪದೆ ಒಂದೆರಡು ಕತೆ ಕೊಟ್ಟು ಹೋಗುತ್ತೆ. ನಾನು ಟೈಲರು. ಪಾಂಡವಪುರಕ್ಕೆ ಎರಡು ಸ್ಟಾಪ್ ಮುಂಚೆ, ರಸ್ತೆ ಪಕ್ಕದಲ್ಲೇ ಮನೆ. ಮುಂದಿನ ರೂಮೇ ಅಂಗಡಿ. ವಾರದಲ್ಲಿ ಮೂರು ದಿನ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಅಂತ ಬಸ್ಸು ಹತ್ತಿ ಹೆಂಗಸರಿಗೆ ಹೊಲಿಗೆ ಕಲಿಸ್ತೀನಿ.

ನನ್ನ ಮೊದಲನೇ ಮೋಟರ್ ಮಿಷನ್ನು ಒಂದು ಮಧ್ಯಾಹ್ನದ ಸಿಡಿಲಿಗೆ ಸುಟ್ಟು ಕರಕಲಾಯ್ತು. ಅವತ್ತು ಅತ್ತಷ್ಟು ನಾನು ತೌರು ಬಿಟ್ಟು ಬರುವಾಗಲೂ ಅತ್ತಿರಲಿಲ್ಲ. ಎರಡನೇ ಮಿಷನ್ನು ಬಂದ ದಿನವೇ ತೀರ್ಮಾನ ಮಾಡಿದೆ, ಇದನ್ನು ಮಾತ್ರ ಸಿಡಿಲಿಗೆ ಕೊಡಲ್ಲ. ಅಂದಿನಿಂದ ನನ್ನ ಕ್ಲಾಸಿನಲ್ಲಿ ಮೊದಲ ಪಾಠ ಕಟಿಂಗ್ ಅಲ್ಲ, ಪ್ಲಗ್ಗು. ದೂರದಲ್ಲಿ ಗುಡುಗಿದಾಗಲೇ ಕೀಳಬೇಕು, ತಲೆ ಮೇಲೆ ಬಂದಾಗ ಮುಟ್ಟಬಾರದು. ಬರೀ ಸ್ವಿಚ್ ಆರಿಸಿದರೆ ಸಾಲದು. ಇಷ್ಟೇ. ಇಷ್ಟನ್ನೇ ನಮ್ಮ ಜನ ಎಲ್ಲೆಲ್ಲಿಗೆ ಮುಟ್ಟಿಸ್ತಾರೆ ನೋಡಿ.

೧. ಮಣ್ಣು

ಶ್ರೀರಂಗಪಟ್ಟಣದ ಕ್ಲಾಸಿಗೆ ಬರೋ ಒಬ್ಬಾಕೆ, "ಅಕ್ಕ, ಮಿಷನ್ ಮುಟ್ಟಿದ್ರೆ ಕೈ ಜುಮ್ ಅಂತದೆ" ಅಂದಳು. ಮೊದಲನೇ ಮಹಡಿಯಲ್ಲಿ ಬಾಡಿಗೆ ಮನೆ. ಅರ್ತಿಂಗ್ ಸರಿಯಿಲ್ಲ, ಆ ವೈರು ಮಣ್ಣಿಗೆ ಹೋಗಬೇಕು, ಕರೆಂಟ್ ಕೆಲಸದವರನ್ನು ಕರೆಸು ಅಂದೆ.

ಮುಂದಿನ ವಾರ ಮುಖ ಅರಳಿಸಿಕೊಂಡು ಬಂದಳು. "ನಮ್ಮೆಜಮಾನ್ರೇ ಮಾಡ್ಬುಟ್ರು ಅಕ್ಕ. ಬಂದು ನೋಡಿ."

ಹೋದೆ. ಹಸಿರು ವೈರು ಮಿಷನ್ನಿಂದ ಹೊರಟು, ಗೋಡೆಗುಂಟ ಕ್ಲಿಪ್ ಹೊಡಿಸಿಕೊಂಡು, ಕಿಟಕಿ ದಾಟಿ, ಬಾಲ್ಕನಿಯ ದಾಸವಾಳದ ಕುಂಡದೊಳಗೆ ಇಳಿದಿತ್ತು. ಗಂಡ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

"ಇದಲ್ಲಪ್ಪ, ಭೂಮಿ ಮಣ್ಣಾಗಬೇಕು" ಅಂದೆ.

ಆತನಿಗೆ ಬೇಜಾರಾಯ್ತು. "ಇದೇನು ಆಕಾಶದಿಂದ ತಂದ ಮಣ್ಣಾ? ಕಾವೇರಿ ದಂಡೆದು ಕಣಕ್ಕ."

೨. ಜೋಪಾನ

ಕರೆಂಟು ಏಕಾಏಕಿ ಏರಿದರೆ ಏಟನ್ನು ತಾನು ತಿಂದು ಮಿಷನ್ ಉಳಿಸೋ ಡಬ್ಬಿ ಒಂದಿದೆ, ಸ್ಪೈಕ್ ಗಾರ್ಡ್ ಅಂತಾರೆ. ಕೆ.ಆರ್. ಪೇಟೆ ಕ್ಲಾಸಿನವರಿಗೆಲ್ಲ ಬೆನ್ನು ಹತ್ತಿ ಕೊಡಿಸಿದೆ. ಒಂದು ಸಂಜೆ ಅವರಲ್ಲೇ ಸಿಂಧಘಟ್ಟದಿಂದ ಬರೋ ಒಬ್ಬಾಕೆಯ ಫೋನು. ಮಿಷನ್ ಸುಟ್ಟೋಯ್ತಂತೆ. ನನಗೆ ನನ್ನ ಹಳೇ ಮಿಷನ್ನೇ ಕಣ್ಮುಂದೆ ಬಂತು. ಬೆಳಿಗ್ಗೆ ಎದ್ದವಳೇ ಹೋದೆ.

"ಸ್ಪೈಕ್ ಗಾರ್ಡ್ ಎಲ್ಲಮ್ಮ?"

ಬೀರು ತೆಗೆದಳು. ರೇಷ್ಮೆ ಸೀರೆಗಳ ಮಧ್ಯದಿಂದ ಅದನ್ನು ಎಳೆದು ಕೊಟ್ಟಳು. "ಗುಡುಗು ಶುರುವಾಯ್ತಲ್ಲಕ್ಕ, ಹೊಸದು, ಎಲ್ಲಿ ಸುಟ್ಟೋಯ್ತದೋ ಅಂತ ಕಿತ್ತು ಒಳಗಿಟ್ಟೆ."

"ಮತ್ತೆ ಮಿಷನ್ನು?"

"ಅದನ್ನ ಗೋಡೆ ಪ್ಲಗ್ಗಿಗೇ ಸಿಗಿಸ್ಕಂಡೆ. ಅರ್ಜೆಂಟು ರವಿಕೆ ಇತ್ತು."

ನನಗೆ ಬಂದ ಕೋಪಕ್ಕೆ ಅವರ ಮನೆ ಕಾಫಿ ಕೂಡ ಮುಟ್ಟಲಿಲ್ಲ. ಬಾಯಿಗೆ ಬಂದಂಗೆ ಬೈದೆ. ಅವಳು ನಿಧಾನಕ್ಕೆ ನನ್ನ ಕೈ ಹಿಡಿದು ಸಮಾಧಾನ ಮಾಡಿದಳು. "ಹೋಗ್ಲಿ ಬುಡಿ ಅಕ್ಕ. ನೀವು ಕೊಡ್ಸಿದ್ದಕ್ಕೆ ಏನೂ ಆಗಿಲ್ಲ."

೩. ಕೆಲಸ ಹಂಚಿಕೆ

ಊರಿಗೆಲ್ಲ ಬುದ್ಧಿ ಹೇಳೋ ನನ್ನ ಮನೆಯಲ್ಲೇ ಒಂದು ತೊಂದರೆ ಇತ್ತು. ಗುಡುಗಿದರೆ ನಮ್ಮತ್ತೆ ಬಾಗಿಲ ಬಳಿ ಕಣ್ಮುಚ್ಚಿ ಕೂತು ಸುತ್ತಮುತ್ತಲ ದೇವರನ್ನೆಲ್ಲ ಹೆಸರು ಹಿಡಿದು ಕರೀತಿದ್ದರು. ಪ್ಲಗ್ ಕಡೆ ತಿರುಗಿಯೂ ನೋಡ್ತಿರಲಿಲ್ಲ.

"ಅತ್ತೆ, ಕರೀರಿ, ಬೇಡ ಅನ್ನಲ್ಲ. ಕರೀತಾ ಕರೀತಾ ಪ್ಲಗ್ ಕಿತ್ತುಬಿಡಿ" ಅಂದೆ.

ಎರಡು ದಿನ ಯೋಚನೆ ಮಾಡಿ ದೇವರುಗಳಿಗೆ ಕೆಲಸ ಹಂಚಿದರು. ಒಬ್ಬೊಬ್ಬರ ಹೆಸರು ಕರೆದಾಗ ಒಂದೊಂದರ ಪ್ಲಗ್ ಕೀಳೋದು. ಟೀವಿಯ ಡಿಶ್ಶು ಮಹಡಿ ಮೇಲಿರೋದ್ರಿಂದ ಅದು ಬಿಂಡಿಗನವಿಲೆ ಗರುಡ. ಎರಡು ರೆಕ್ಕೆ, ಪ್ಲಗ್ ಒಂದು, ಡಿಶ್ ವೈರ್ ಒಂದು, ಎರಡೂ ಕೀಳಬೇಕು. ನೆಟ್ಟಗೆ ನಿಂತಿರೋ ಫ್ರಿಜ್ಜು ತೊಣ್ಣೂರು ನಂಬಿನಾರಾಯಣ. ಗ್ರೈಂಡರಿಗೆ ಕಲ್ಲು ಎರಡು, ಅದು ಸಿಂಧಘಟ್ಟದ ಲಕ್ಷ್ಮೀನಾರಾಯಣ. ನನ್ನ ಹೊಲಿಗೆ ಮಿಷನ್ನು ಉದ್ದಕ್ಕೆ ಮಲಗಿದಂಗಿದೆ ಅಂತ ಶ್ರೀರಂಗಪಟ್ಟಣದ ರಂಗನಾಥ.

ಅವತ್ತಿಂದ ನಮ್ಮನೇಲಿ ಒಂದು ಬಲ್ಬೂ ಹೋಗಿಲ್ಲ. ಅತ್ತೆ ಅದನ್ನು ದೇವರ ಲೆಕ್ಕಕ್ಕೆ ಹಾಕ್ತಾರೆ, ನಾನು ಪ್ಲಗ್ಗಿನ ಲೆಕ್ಕಕ್ಕೆ. ಜಗಳ ಇಲ್ಲ.

೪. ರಂಗನಾಥ

ಹೋದ ಏಪ್ರಿಲ್ಲಿನಲ್ಲಿ ನಾಗಮಂಗಲದ ಕ್ಲಾಸು ಮುಗಿಸಿ ಪಾಂಡವಪುರದ ಬಸ್ಸು ಹತ್ತಿದೆ. ಮನೆಯಲ್ಲಿ ಮದುವೆ ಹುಡುಗಿಯೊಬ್ಬಳ ರವಿಕೆಗಳು ಅರ್ಧ ಹೊಲಿದು ಕೂತಿದ್ದವು. ಜಕ್ಕನಹಳ್ಳಿ ದಾಟೋ ಹೊತ್ತಿಗೆ ನಮ್ಮೂರ ಕಡೆ ಆಕಾಶ ಕಪ್ಪಾಗಿ ಮಿಂಚಿತು. ಫೋನ್ ಮಾಡಿದೆ. ಮಳೆ ಸದ್ದಿಗೆ ಅತ್ತೆಗೆ ಕೇಳ್ತಿರಲಿಲ್ಲ, ಕೂಗಿಯೇ ಮಾತಾಡಿದೆ.

"ಅತ್ತೆ, ಎಲ್ಲಾರನ್ನೂ ಕರೆದ್ರಾ?"

"ಗರುಡ ಆಯ್ತು. ನಂಬಿನಾರಾಯಣ ಆಯ್ತು. ಲಕ್ಷ್ಮೀನಾರಾಯಣನೂ ಆಯ್ತು."

"ರಂಗನಾಥ?"

"ಅವನು ಮಲಗವ್ನೆ ಕಣಮ್ಮಿ. ಎಬ್ಬುಸ್ನಿಲ್ಲ."

"ರಂಗನಾಥನ್ನ ಎಬ್ಬಿಸ್ಲಿಲ್ವಾ? ಸಿಡ್ಲು ಬಡಿದ್ರೆ ಸುಟ್ಟೋಗ್ತಾನೆ ಅತ್ತೆ. ಅವನನ್ನ ನಂಬ್ಕೊಂಡೇ ನಾನು ಬದುಕಿರೋದು."

ಲೈನ್ ಕಟ್ಟಾಯ್ತು. ಮತ್ತೆ ಸಿಗಲೇ ಇಲ್ಲ. ಹಳೇ ಮಿಷನ್ನಿನ ಸುಟ್ಟ ವಾಸನೆ ಮೂಗಿಗೆ ಬಂದಂಗಾಗಿ ಕಣ್ಣಲ್ಲಿ ನೀರು ಬಂತು. ಪಕ್ಕದ ಸೀಟಿನ ಯಜಮಾನರು ಹೆಗಲ ಟವೆಲ್ಲು ಕೊಟ್ಟು ಕೇಳಿದರು, "ಮಗನಾ ತಾಯಿ?"

"ಮಗನಿಗಿಂತ ಹೆಚ್ಚು" ಅಂದೆ. ಅವರು ಕೇಳಿದ್ದೇನು, ನಾನು ಹೇಳಿದ್ದೇನು ಅನ್ನೋದು ಹೊಳೆದದ್ದು ಆಮೇಲೆ.

"ಎಷ್ಟು ವರ್ಷ?"

"ಮೂರು."

ಬಸ್ಸಿಗೆ ಬಸ್ಸೇ "ಅಯ್ಯೋ ಕಂದ" ಅಂತು. ಯಾರೋ ನೀರು ಕೊಟ್ಟರು, ಯಾರೋ ಬೆನ್ನು ಸವರಿದರು. ಕಂಡಕ್ಟರು ಡ್ರೈವರ ಹತ್ತಿರ ಹೋಗಿ, "ಸ್ಟಾಪ್ ಗೀಪ್ ನೋಡ್ಬ್ಯಾಡ ಕಣಣ್ಣ, ಆ ಯಮ್ಮನ ಮನೆ ಬಾಗ್ಲಲ್ಲೇ ನಿಲ್ಸು" ಅಂದ.

ನಿಲ್ಲಿಸಿದರು. ನಾನು ಇಳಿದು ಓಡಿದೆ. ಯಜಮಾನರು ನೀರಿನ ಬಾಟ್ಲಿ ಹಿಡಕೊಂಡು ನನ್ನ ಹಿಂದೆಯೇ ಓಡಿ ಬಂದರು. ಅತ್ತೆ ಬಾಗಿಲಲ್ಲೇ ಕೂತು ಹುಣಸೆಹಣ್ಣು ಬಿಡಿಸ್ತಿದ್ದರು.

"ಎಲ್ಲವ್ವ ರಂಗನಾಥ?" ಅಂದರು ಯಜಮಾನರು, ಏದುಸಿರಲ್ಲಿ.

ಅತ್ತೆ ಒಳಗೆ ಕೈ ತೋರಿಸಿದರು. "ಅಗೋ, ದುಪ್ಪಟಿ ಹೊದ್ಕಂಡು ಮಲಗವ್ನೆ." ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆ ನೀನೇ ಪ್ಲಗ್ ಕಿತ್ತು, ಹೊದಿಸಿ ಮಲಗಿಸೋಗಿದ್ಯಲ್ಲ ಕಣಮ್ಮಿ. ನಾನ್ಯಾಕೆ ಎಬ್ಬುಸ್ಲಿ?"

ಯಜಮಾನರು ದುಪ್ಪಟಿಯ ತುದಿ ಎತ್ತಿ ನೋಡಿದರು. ಮಿಷನ್ನು ನೋಡಿದರು, ನನ್ನ ನೋಡಿದರು, ಮತ್ತೆ ಮೆಲ್ಲಗೆ ದುಪ್ಪಟಿ ಹೊದಿಸಿದರು.

ರಸ್ತೆಯಿಂದ ಕಂಡಕ್ಟರು ಕೂಗಿದ, "ಯಜಮಾನ್ರೇ, ಹುಡ್ಗಂಗೆ ಉಸ್ರು ಅದಾ?"

ಯಜಮಾನರು ಬಸ್ಸಿನ ಕಡೆ ನಡೆಯುತ್ತಾ ಹೇಳಿದರು, "ಪ್ಲಗ್ ಹಾಕುದ್ರೆ ಬತ್ತದಂತೆ. ನಡಿಯಪ್ಪ."