ಮಾವನ ಮನೆಯ ಟೀವಿಯಲ್ಲಿ ಸುರಿದ ಮಳೆ

ಸಿನಿಮಾದ ಮೊದಲ ದೃಶ್ಯವನ್ನು ಹೇಗೆ ನೋಡಬೇಕು ಎಂಬುದು ಇಡೀ ಚಿಂತಾಮಣಿ ತಾಲ್ಲೂಕಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಇದು ಜಂಬದ ಮಾತಲ್ಲ. ಮೊದಲ ದೃಶ್ಯದ ಹೊತ್ತಿಗೆ ಉಳಿದವರೆಲ್ಲ ಥಿಯೇಟರಿನ ಹೊರಗೆ ಕಡಲೆಕಾಯಿ ಕೊಳ್ಳುತ್ತಿರುತ್ತಿದ್ದರು!

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಮದುವೆಯಾಗಿ ಇನ್ನೂ ಹೊಸತು. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ, ಸಿನಿಮಾ ನೋಡುವುದನ್ನು ಕಲಿಸುವ ಶಿಬಿರವೊಂದರಲ್ಲಿ ಕೂತು ಬಂದಿದ್ದೆ.

"ನೋಡೋದನ್ನೂ ಕಲಿಸ್ತಾರಾ? ಕಣ್ಣಿಲ್ವಾ ನಿಮಗೆ?" ಎಂದು ನನ್ನ ಹೆಂಡತಿ ರತ್ನ ಕೇಳಿದ್ದಳು.

ಶಿಬಿರದಲ್ಲಿ ಬಿಳಿ ಗಡ್ಡದ ಗುರುಗಳೊಬ್ಬರು ಪಾಠ ಹೇಳಿದರು. ಇಡೀ ಸಿನಿಮಾ ಅದರ ಮೊದಲ ದೃಶ್ಯದಲ್ಲೇ ಅಡಗಿರುತ್ತದೆ. ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ. ಎಲ್ಲಿ ಕತ್ತರಿ ಬಿತ್ತು, ಯಾಕೆ ಬಿತ್ತು ಯೋಚಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಕಿವಿ ತೆರೆದಿಡಿ, ಶಬ್ದವೇ ಸಿನಿಮಾದ ಜೀವ. ನಾನು ಅಂದಿನಿಂದಲೇ ಕಿವಿ ತೆರೆದಿಟ್ಟೆ. ಬಾಯಿಯೂ ಅದರ ಜೊತೆಗೇ ತೆರೆದುಕೊಂಡಿತು. ತೊಂದರೆ ಶುರುವಾದದ್ದು ಅಲ್ಲಿ.

ಸಿನಿಮಾ ಇಲ್ಲದ ದಿನ ನಾನು ಮನೆಯನ್ನೇ ವಿಶ್ಲೇಷಿಸತೊಡಗಿದೆ. ರತ್ನ ಅಡುಗೆಮನೆಯಿಂದ ಕಾಫಿ ತಂದರೆ, "ಪ್ರವೇಶ ಚೆನ್ನಾಗಿದೆ. ಆದರೆ ಬಾಗಿಲ ಚೌಕಟ್ಟಿನಲ್ಲಿ ಒಂದು ಗಳಿಗೆ ನಿಂತಿದ್ದರೆ ಪರಿಣಾಮ ಇನ್ನೂ ಹೆಚ್ಚುತ್ತಿತ್ತು" ಅನ್ನುತ್ತಿದ್ದೆ.

"ನಿಂತ್ರೆ ಕಾಫಿ ಆರೋಗತ್ತೆ" ಎಂದು ಅವಳು ಲೋಟ ಕುಕ್ಕುತ್ತಿದ್ದಳು.

"ಆಹಾ! ಈ ಶಬ್ದ!" ಎಂದು ನಾನು.

ಹೀಗಿರುವಾಗ ಒಂದು ದಿನ ರತ್ನ, "ಅಮ್ಮಂಗೆ ಹುಳ ನೋಡ್ಕೊಳ್ಳೋಕೆ ಕೈ ಸಾಲ್ತಾ ಇಲ್ವಂತೆ. ಒಂದು ಬೆಳೆ ತೆಗೆದುಕೊಟ್ಟು ಬರ್ತೀನಿ" ಎಂದು ತೌರಿಗೆ ಹೊರಟಳು. ತೌರು ಶಿಡ್ಲಘಟ್ಟದಿಂದ ಆಚೆಗೊಂದು ಹಳ್ಳಿ. ಆ ಕಡೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಳುವೇ ಯಜಮಾನ. ಅದರ ಹೆಸರು ಹೇಳಿದ ಮೇಲೆ ಗಂಡ ಎರಡು ಮಾತು ಆಡುವಂತಿಲ್ಲ. ಕಳಿಸಿಕೊಟ್ಟೆ.

ಒಂದು ಬೆಳೆ ಮುಗಿಯಿತು. ಗೂಡು ಮಾರಿಯೂ ಆಯಿತು. ರತ್ನ ಬರಲಿಲ್ಲ. "ಮುಂದಿನ ಬೆಳೇನೂ ಮುಗಿಸ್ಕೊಂಡೇ ಬರ್ತಾರಂತೆ ಸಾರ್" ಎಂದು ಆ ದಾರಿಯ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಅವನು ಅದನ್ನು ಹೇಳುವಾಗ ಬಸ್ಸಿನ ತುಂಬ ಜನರಿದ್ದರು!

ನನ್ನ ಮೇಲೆ ಮುನಿಸಿಕೊಂಡೇ ಹೋಗಿದ್ದಾಳೆ ಎಂದು ಆಗ ಹೊಳೆಯಿತು. ಉಪ್ಪಿಟ್ಟು ಮಾಡಿಕೊಂಡು ಒಬ್ಬನೇ ತಿನ್ನುತ್ತಿದ್ದೆ. ಅದನ್ನು ಉಪ್ಪಿಟ್ಟು ಎಂದು ಕರೆದವನೂ ನಾನೊಬ್ಬನೇ. ಶಾಲೆಯಿಂದ ಬಂದು ಬೀಗ ತೆಗೆದರೆ ಒಳಗೆ ಬಳೆಯ ಸದ್ದಿಲ್ಲ, ಲೋಟ ಕುಕ್ಕುವವರಿಲ್ಲ. ಅವಳ ಸೀರೆಯೊಂದು ಹಿತ್ತಲ ತಂತಿಯ ಮೇಲೇ ಉಳಿದುಹೋಗಿತ್ತು. ಒಣಗಿ ಎಷ್ಟೋ ದಿನವಾಗಿತ್ತು. ಅದನ್ನು ತೆಗೆದು ಮಡಿಸಿಡಲು ನನಗೆ ಮನಸ್ಸು ಬರಲಿಲ್ಲ. ತಂತಿಯ ಮೇಲೆ ಸೀರೆಯಿದ್ದರೆ ಮನೆಯಲ್ಲಿ ಅವಳಿದ್ದಾಳೆ ಅನ್ನಿಸುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೆಂಡತಿ ಬೇಕಾಗಿತ್ತು.

ಆಗ ಒಂದು ಭಾನುವಾರದ ಪೇಪರಿನಲ್ಲಿ ಕಂಡಿತು: ಮಧ್ಯಾಹ್ನ ಟೀವಿಯಲ್ಲಿ ಬೇರೆ ಭಾಷೆಯ ಪ್ರಶಸ್ತಿ ಚಿತ್ರ. ನಾನದನ್ನು ನೋಡಿರಲಿಲ್ಲ. ಆದರೆ ಅದರ ಮೊದಲ ದೃಶ್ಯವನ್ನು ಶಿಬಿರದ ಗುರುಗಳು ಬಾಯಿ ತುಂಬ ಹೊಗಳಿದ್ದರು. ಮಾವ ಮುನಿಶಾಮಪ್ಪನವರ ಮನೆಗೆ ಹೊಸದಾಗಿ ಟೀವಿ ಬಂದಿತ್ತು. ಯೋಜನೆ ತಾನಾಗಿ ಸಿದ್ಧವಾಯಿತು. ಮಾವನ ಮನೆಯವರೆಲ್ಲರ ಎದುರಿಗೆ ನಾನು ಆ ದೃಶ್ಯವನ್ನು ಬಿಡಿಸಿ ಹೇಳುವುದು. ತನ್ನ ಗಂಡ ಸಾಮಾನ್ಯನಲ್ಲ ಎಂದು ರತ್ನಳಿಗೆ ಮನವರಿಕೆಯಾಗುವುದು. ಸಂಜೆ ಬಸ್ಸಿಗೆ ಇಬ್ಬರೂ ಹೊರಡುವುದು. ಇದರಲ್ಲಿ ತಪ್ಪಾಗಲು ಏನಿದೆ?

ಮುಖಕ್ಕೆ ಪೌಡರ್ ಬಡಿದುಕೊಂಡೆ. ಅಂಗಿಗೆ ಸೆಂಟು, ತಲೆಗೆ ಘಮಘಮಿಸುವ ಎಣ್ಣೆ. ಕೈಯಲ್ಲಿ ಅತ್ತೆಗೆ ಊದುಬತ್ತಿ ಪೊಟ್ಟಣ, ರತ್ನಳಿಗೆ ಮಲ್ಲಿಗೆ ದಂಡೆ. ಹುಳು ಮೇಯುವ ಕಾಲದಲ್ಲಿ ನಾನು ಎಂದೂ ಆ ಮನೆಗೆ ಹೋದವನಲ್ಲ, ಹಬ್ಬದ ಅಳಿಯ. ಹಾಗಾಗಿ ಜಗಲಿ ಹತ್ತುವ ಮೊದಲೇ ಅತ್ತೆ ಎರಡೂ ಕೈ ಅಡ್ಡ ಚಾಚಿ ನಿಂತಾಗ, ಇದೇನೋ ಹೊಸ ಬಗೆಯ ಸ್ವಾಗತ ಅಂದುಕೊಂಡೆ.

ಅತ್ತೆಗೆ ಗಾಬರಿಯಾದರೆ ತೆಲುಗು ಬರುತ್ತದೆ. "ಏಮಿ ನಾಯನಾ ಇದಿ! ಸೆಂಟು ಅಂಗಡಿ ಮೀದ ಪಡ್ಡಾವಾ?" ಸೆಂಟಿನಂಗಡಿಯ ಮೇಲೇ ಬಿದ್ದೆಯಾ ಎಂದು ಕೂಗಿದರು. ಆಮೇಲೆ ಸಾವರಿಸಿಕೊಂಡು, "ಒಳಗೆ ಹುಳ ಅವೆ ಅಳಿಯಂದ್ರೇ. ಈ ವಾಸ್ನೆ ತಾಕುದ್ರೆ ಅಷ್ಟೂ ಸತ್ತೋಗ್ತಾವೆ" ಅಂದರು.

ನಮ್ಮ ದಾಂಪತ್ಯವನ್ನು ಉಳಿಸಲು ಬಂದವನು ಒಂದು ಇಡೀ ಬೆಳೆಯನ್ನೇ ಹಾಳುಮಾಡಿಬಿಡುವವನಿದ್ದೆ! ನನ್ನನ್ನು ಹಿತ್ತಲ ತೊಟ್ಟಿಯ ಬಳಿ ಕೂರಿಸಿ ಸೀಗೆಪುಡಿ ಹಾಕಿ ತಲೆ ತೊಳೆದುಕೊಳ್ಳಲು ಹೇಳಿದರು. ನನ್ನ ಬಟ್ಟೆ ಹೊರಗಿನ ತಂತಿಗೆ ಹೋಯಿತು. ಊದುಬತ್ತಿ ಪಕ್ಕದ ಮನೆಗೆ ಹೋಯಿತು. ಮಲ್ಲಿಗೆ ದಂಡೆಯನ್ನು ಅತ್ತೆ ಸುತ್ತಿದ ಬಾಳೆಲೆ ಸಮೇತ ಬೀದಿ ಕಡೆಯ ನುಗ್ಗೆ ಮರದ ಕೊಂಬೆಗೆ ಸಿಗಿಸಿದರು. ಮಾವನ ಪಂಚೆ, ಮಾವನ ಬನಿಯನ್ನು ತೊಟ್ಟು ನಾನು ನಡುಮನೆಗೆ ಬಂದೆ. ಮಾವ ನನ್ನ ಎರಡರಷ್ಟಿದ್ದರು. ಬನಿಯನ್ನು ನನ್ನ ಮೇಲೆ ನೇತಾಡುತ್ತಿತ್ತು.

ರತ್ನ ಪಕ್ಕದ ಕೋಣೆಯಲ್ಲಿದ್ದಳು. ಬಾಗಿಲಿಗೆ ಗೋಣಿತಾಟಿನ ಪರದೆ. ಅದನ್ನು ಸ್ವಲ್ಪ ಸರಿಸಿ, "ಬಂದ್ರಾ?" ಅಂದಳು. ಬನಿಯನ್ನು ನೋಡಿದಳು. ಪರದೆ ಬಿತ್ತು. ಎಷ್ಟೋ ದಿನದ ಮೇಲೆ ಅವಳ ಮುಖ ಕಂಡದ್ದು, ಅದೂ ಅಷ್ಟೇ ಹೊತ್ತು.

ಟೀವಿ ಆಗಲೇ ಹಾಕಿದ್ದರು. ಮಾವ, ಅತ್ತೆ, ಪಕ್ಕದ ಮನೆಯ ಪಿಳ್ಳಣ್ಣ, ಬೀದಿಯ ಒಂದಷ್ಟು ಜನ ಚಾಪೆಯ ಮೇಲೆ ಕೂತಿದ್ದರು. ನಾನು ಟೀವಿಯ ಪಕ್ಕ ಎದ್ದು ನಿಂತೆ, ಬಾಗಿಲ ಪರದೆಯಾಚೆಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡೆ.

ಸಿನಿಮಾ ಶುರುವಾಯಿತು. ಬಿಸಿಲಿಗೆ ಬಿರುಕು ಬಿಟ್ಟ ಹೊಲ. ದೂರದಲ್ಲಿ ಒಂದು ಗುಡಿಸಲು, ಬಾಗಿಲಲ್ಲಿ ಒಬ್ಬ ಹೆಂಗಸು. ಎಷ್ಟು ಹೊತ್ತಾದರೂ ಅದೇ ಚಿತ್ರ.

"ಕ್ಯಾಮೆರಾ ಅಲುಗಾಡ್ತಾ ಇಲ್ಲ, ಗಮನಿಸಿದಿರಾ?" ಎಂದೆ. "ಯಾಕೆ? ಆ ಹೆಂಗಸು ಯಾರಿಗೋ ಕಾಯ್ತಾ ಇದ್ದಾಳೆ. ಕಾಯೋರು ಅಲುಗಾಡಲ್ಲ. ಅದಕ್ಕೆ ಕ್ಯಾಮೆರಾನೂ ಅಲುಗಾಡಲ್ಲ."

"ಸ್ಟ್ಯಾಂಡ್ ಮೇಲೆ ಮಡಗಿರ್ತಾರೆ ಬಿಡಿ" ಅಂದ ಪಿಳ್ಳಣ್ಣ.

ನಾನು ಅವನನ್ನು ಕ್ಷಮಿಸಿದೆ. ಈಗ ತೆರೆಯ ಮೇಲೆ ಹೆಂಗಸಿನ ಮುಖ ಹತ್ತಿರದಲ್ಲಿ ಬಂತು. ಆಮೇಲೆ ಖಾಲಿ ದಾರಿ. ಮತ್ತೆ ಮುಖ. "ನೋಡಿ, ಮುಖದಿಂದ ದಾರಿಗೆ ಕಟ್, ದಾರಿಯಿಂದ ಮುಖಕ್ಕೆ ಕಟ್. ಮಧ್ಯೆ ಬರಬೇಕಾದ ಮನುಷ್ಯನೇ ಇಲ್ಲ. ಎರಡು ಚಿತ್ರ ಜೋಡಿಸಿ, ಇಲ್ಲದೇ ಇರೋನನ್ನ ತೋರಿಸಿದ್ದಾರೆ!"

"ಪಾಪ, ಎಲ್ಲಿಗೆ ಹೋದ್ನೋ" ಎಂದು ಅತ್ತೆ ಕರಗಿದರು. ನನಗೆ ಹುರುಪು ಬಂತು.

"ಈಗ ಎಲ್ಲರೂ ಕಣ್ಣು ಮುಚ್ಚಿ!"

"ಟೀವಿ ಮುಂದೆ ಕೂತ್ಕಂಡು ಕಣ್ಣು ಮುಚ್ಚೋದಾ?" ಅಂದ ಪಿಳ್ಳಣ್ಣ.

"ಮುಚ್ಚಿ. ಬರೀ ಕೇಳಿ. ಏನು ಕೇಳಿಸ್ತಿದೆ?"

ಎಲ್ಲರೂ ಕಣ್ಣು ಮುಚ್ಚಿದರು. ಚರಚರ, ಸರಸರ. ಹದವಾದ ಮಳೆ ಎಲೆಗಳ ಮೇಲೆ ಬೀಳುವ ಸದ್ದು. ಮಾವ, "ಅದು... ಅಳಿಯಂದ್ರೇ, ಅದು..." ಎಂದು ಬಾಯಿ ತೆರೆದರು. ಅತ್ತೆ ಮೊಣಕೈಯಲ್ಲಿ ತಿವಿದರು. ಮಾವ ಬಾಯಿ ಮುಚ್ಚಿದರು. ಪಾಪ, ಹಳ್ಳಿಯವರು, ಹೇಳಲು ಸಂಕೋಚ ಎಂದುಕೊಂಡು ನಾನೇ ಹೇಳಿದೆ.

"ಮಳೆ! ಕಣ್ಣಿಗೆ ಸುಡು ಬಿಸಿಲು, ಕಿವಿಗೆ ಮಳೆ! ಇದನ್ನ ಯಾವ ಡೈರೆಕ್ಟರ್ ಯೋಚಿಸ್ತಾನೆ ಹೇಳಿ?"

ತೆರೆಯ ಮೇಲೆ ಹೆಂಗಸು ಏನೋ ಹೇಳಿದಳು. ತುಟಿ ಅಲ್ಲಾಡಿತು, ಮಾತು ಕೇಳಲಿಲ್ಲ. ನಾನು ರೋಮಾಂಚನಗೊಂಡೆ. "ಮಾತನ್ನೇ ತೆಗೆದುಬಿಟ್ಟಿದ್ದಾರೆ! ದುಃಖ ಹೆಚ್ಚಾದಾಗ ಮಾತು ಯಾರಿಗೆ ಕೇಳ್ಸತ್ತೆ?"

ಅಷ್ಟರಲ್ಲಿ ಮಳೆ ಜೋರಾಯಿತು. ನಾನು ಏರುದನಿಗೆ ಹೋದೆ. ಹೇಳಬೇಕೆಂದಿದ್ದ ಪಾಠ ಎಲ್ಲಿಗೋ ಹೋಗಿ, ಬೇರೇನೋ ಬಾಯಿಗೆ ಬರತೊಡಗಿತು.

"ಈ ಮಳೆ ಹೊರಗೆ ಸುರೀತಾ ಇಲ್ಲ. ಕಾಯ್ತಾ ಇರೋರ ಒಳಗೆ ಸುರೀತಾ ಇದೆ. ಬೀಗ ತೆಗೆದು ಖಾಲಿ ಮನೆಗೆ ಹೋಗ್ತಾರಲ್ಲ, ಅವರಿಗೆ ಮಾತ್ರ ಇದು ಗೊತ್ತು. ತಂತಿ ಮೇಲೆ ಒಂದು ಸೀರೆ ಇರತ್ತೆ. ಅದನ್ನ ತೆಗೆಯೋಕೆ ಮನಸ್ಸು ಬರಲ್ಲ..."

ಸಿನಿಮಾದಲ್ಲಿ ಸೀರೆಯೂ ಇರಲಿಲ್ಲ, ತಂತಿಯೂ ಇರಲಿಲ್ಲ. ಅದೆಲ್ಲಿ ಎಂದು ಯಾರೂ ಕೇಳಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪರದೆಯಾಚೆ ಬಳೆಯ ಸದ್ದು ಗಕ್ಕನೆ ನಿಂತಿತು. ಗೆದ್ದೆ ಅಂದುಕೊಂಡೆ.

ಕರೆಂಟು ಹೋಯಿತು.

ತೆರೆಯ ಮೇಲಿನ ಹೆಂಗಸು ಕುಗ್ಗಿ ಕುಗ್ಗಿ ಒಂದು ಚುಕ್ಕಿಯಾಗಿ ಆರಿಹೋದಳು. ಮಳೆ ನಿಲ್ಲಲಿಲ್ಲ!

ಚರಚರ, ಸರಸರ. ನಾನು ಟೀವಿ ನೋಡಿದೆ. ಬಗ್ಗಿ ಅದಕ್ಕೆ ಕಿವಿ ಹಚ್ಚಿದೆ. ತಣ್ಣಗಿತ್ತು. ಕಿಟಕಿಯಾಚೆ ರಣಬಿಸಿಲು. ಚಾಪೆಯ ಮೇಲಿದ್ದವರೆಲ್ಲ ನೆಲ ನೋಡುತ್ತಿದ್ದರು. ಕೊನೆಗೆ ಹೋಗಿ ಪರದೆ ಸರಿಸಿದೆ. ನೆಲದಿಂದ ಸೂರಿನವರೆಗೆ ಬಿದಿರ ತಟ್ಟೆಗಳು. ತಟ್ಟೆಗಳ ತುಂಬ ಬೆರಳುದ್ದದ ಹುಳುಗಳು. ಹೊಸದಾಗಿ ಹಾಕಿದ ಸೊಪ್ಪನ್ನು ಅಷ್ಟೂ ಹುಳುಗಳು ಒಟ್ಟಿಗೆ ಮೇಯುತ್ತಿದ್ದವು. ನಡುವೆ ರತ್ನ, ಕಂಕುಳಲ್ಲಿ ಸೊಪ್ಪಿನ ಬುಟ್ಟಿ, ನಗು ತಡೆಯಲು ಬಾಯಿಗೆ ತುರುಕಿಕೊಂಡ ಸೆರಗು.

"ಏನ್ ಡೈರೆಕ್ಟ್ರಪ್ಪ ಅವ್ನು! ಕರೆಂಟ್ ಹೋದ್ರೂ ಮಳೆ ನಿಲ್ಸಲ್ಲ!" ಅಂದ ಪಿಳ್ಳಣ್ಣ.

ಮನೆ ಹಾರಿಹೋಗುವಂತೆ ನಗು. ಮಾವ ಮಾತ್ರ ಮರ್ಯಾದೆಗಾಗಿ ಕೆಮ್ಮಿದರು. ಅತ್ತೆ ಮೆಲ್ಲಗೆ ವಿವರಿಸಿದರು: "ಹುಳ ಕಡೇ ಜ್ವರ ಎದ್ದು, ಅಂದ್ರೆ ಕಡೇ ಸಲ ಪೊರೆ ಬಿಟ್ಟು, ಮೇಯೋವಾಗ ಈ ಮನೇಲಿ ಗಲಾಟೆ ಮಾಡಲ್ಲ ನಾಯನಾ, ನಮ್ಮತ್ತೆ ಕಾಲದಿಂದಾನೂ. ಟೀವೀಲೂ ಬರೀ ಬೊಂಬೆ ನೋಡ್ತೀವಿ, ಸೌಂಡ್ ಪೂರ್ತಿ ಇಳಿಸಿಬಿಟ್ಟಿರ್ತೀವಿ."

"ಮೊದಲೇ ಹೇಳೋದಲ್ವಾ ಅತ್ತೆ?"

"ಅಳಿಯಂದ್ರು ಅಷ್ಟು ಚೆನ್ನಾಗಿ ಮಾತಾಡ್ತಾ ಇದ್ರಿ. ಮಧ್ಯೆ ಬಾಯಿ ಹಾಕೋಕಾಗತ್ತಾ?"

ಕರೆಂಟು ಬಂತು. ಸಿನಿಮಾ ಮೂಕವಾಗಿ ಮುಂದುವರಿಯಿತು. ನಾನೂ ಹಾಗೇ ಮುಂದುವರಿದೆ.

ಸಂಜೆ ನನ್ನ ಬಟ್ಟೆ ತೊಟ್ಟುಕೊಂಡು ಬೀದಿಯಲ್ಲಿ ಬಸ್ಸಿಗೆ ನಿಂತಿದ್ದೆ. ರತ್ನ ಕೈತೊಳೆದುಕೊಂಡು ಬಂದಳು. ನುಗ್ಗೆ ಮರದ ಕೊಂಬೆಯಿಂದ ಮಲ್ಲಿಗೆ ತೆಗೆದಳು. ಅರ್ಧ ಬಾಡಿತ್ತು. ಮುಡಿದುಕೊಂಡಳು.

"ಮುಡ್ಕೊಂಡು ಒಳಗೆ ಹೋಗೋ ಹಾಗಿಲ್ಲ. ಬಸ್ ಬರೋವರ್ಗೂ ಇಲ್ಲೇ ನಿಂತಿರ್ತೀನಿ" ಅಂದಳು.

"ನನ್ನ ಮೇಲೆ ಕೋಪಾನಾ ರತ್ನಾ?"

"ಕೋಪ ಯಾಕೆ?"

"ಮತ್ತೆ ಯಾಕೆ ಬರ್ತಾ ಇಲ್ಲ?"

ಅವಳು ಮನೆಯ ಕಡೆ ತಿರುಗಿ ನೋಡಿದಳು. "ಹುಟ್ಟಿದಾಗಿಂದ ಈ ಸದ್ದಲ್ಲೇ ಮಲಗಿ ಎದ್ದೋಳು ನಾನು. ನಿಮ್ಮನೇಲಿ ಬಾಗಿಲು ಹಾಕಿದ್ರೆ ಏನೂ ಕೇಳ್ಸಲ್ಲ ಕಣ್ರೀ. ಕಣ್ಣು ಮುಚ್ಚಿದ್ರೆ ಭಯ ಆಗತ್ತೆ. ಅಲ್ಲಿಗೆ ಬಂದಾಗಿಂದ ನಾನು ಒಂದಿನಾನೂ ಸರಿಯಾಗಿ ನಿದ್ದೆ ಮಾಡಿಲ್ಲ."

"ಹೇಳಬಾರದಿತ್ತಾ?"

"ಯಾವಾಗ ಹೇಳ್ಲಿ? ನೀವು ಯಾವಾಗ್ಲೂ ಬೇರೆ ಏನೋ ಕೇಳಿಸ್ಕೊಳ್ತಾ ಇರ್ತೀರಿ."

ಬಸ್ಸು ಬಂತು. ಅವಳು ಮಲ್ಲಿಗೆ ತೆಗೆದು ನನ್ನ ಕೈಗಿಟ್ಟಳು. "ಈ ಹುಳ ಹಣ್ಣಾಗಿ ಗೂಡು ಕಟ್ಲಿ. ಬರ್ತೀನಿ. ಆ ಸೀರೆ ತೆಗೀಬೇಡಿ, ನಾನೇ ಬಂದು ತೆಗೀತೀನಿ" ಅಂದಳು. ದಾರಿಯುದ್ದಕ್ಕೂ ನಾನು ಬಾಡಿದ ಹೂವನ್ನು ಮೂಗಿಗೆ ಹಿಡಿದುಕೊಂಡೇ ಕೂತಿದ್ದೆ. ಕಂಡಕ್ಟರ್ ಏನನ್ನೂ ಕೇಳಲಿಲ್ಲ, ಅವನ ಪುಣ್ಯ.

ಹೇಳಿದ ಹಾಗೆ ರತ್ನ ಬಂದಳು. ತಂತಿಯ ಸೀರೆ ತೆಗೆದಳು. ಬಿಸಿಲಿಗೆ ಬಣ್ಣ ಹೋದದ್ದಕ್ಕೆ ಬೈದಳು. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ಒರಗಿದಳು. ಕಣ್ಣು ತೆರೆದೇ ಇತ್ತು, ಸೂರು ನೋಡುತ್ತಿದ್ದಳು. ನಾನು ರೇಡಿಯೋ ಎತ್ತಿಕೊಂಡು ಬಂದೆ. ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವೆ ಯಾವುದೂ ಸಿಗದ ಜಾಗ ಇರುತ್ತದಲ್ಲ, ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿದೆ. ಚರಚರ, ಸರಸರ.

"ಏನ್ರೀ ಇದು?"

"ಹುಳ. ಈಗ ತಾನೇ ಸೊಪ್ಪು ಹಾಕಿದ್ದಾರೆ."

ಅವಳು ಕತ್ತು ಓರೆ ಮಾಡಿ ಕೇಳಿಸಿಕೊಂಡಳು. "ಇವಕ್ಕೇನೋ ರೋಗ ಬಂದಿದೆ" ಅಂದಳು. "ಸ್ವಲ್ಪ ಕಡಿಮೆ ಮಾಡಿ. ಇಷ್ಟು ಜೋರಾಗಿ ಮೇದ್ರೆ ಸೊಪ್ಪು ಸಾಲಲ್ಲ."

ಕಡಿಮೆ ಮಾಡಿದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಮೇಷ್ಟ್ರೇ, ಸ್ಟೇಷನ್ ಸರಿಯಾಗಿ ಹಿಡೀರಿ!" ಎಂದು ಕೂಗಿದರು. ನಾನು ಮುಳ್ಳನ್ನು ಅಲುಗಾಡಿಸಲಿಲ್ಲ. ಮಾತಾಡದೆ ರತ್ನಳ ಮುಖವನ್ನೇ ನೋಡುತ್ತ ಕೂತೆ.

ನನ್ನ ಜನ್ಮದಲ್ಲಿ ನಾನು ಮಾಡಿದ ಶಬ್ದ ಸಂಯೋಜನೆ ಅದೊಂದೇ. ಪ್ರೇಕ್ಷಕರು ಒಬ್ಬರೇ. ಅವರೂ ಮೊದಲ ದೃಶ್ಯದಲ್ಲೇ ನಿದ್ದೆ ಹೋದರು!