ನಿಂತೇ ಇದ್ದ ಡೈರೆಕ್ಟರು

ನನ್ನ ಅತ್ತೆ ಒಂದು ದೊಡ್ಡ ಕಂಪೆನಿಯ ಡೈರೆಕ್ಟರ್ ಆಗಿದ್ದರು ಎಂದರೆ ನೀವು ನಂಬಬೇಕು. ಡೈರೆಕ್ಟರ್ ಆಗಿದ್ದಷ್ಟು ಕಾಲವೂ ಅವರು ಮೀಟಿಂಗಿನ ಕುರ್ಚಿಯ ಮೇಲೆ ಒಮ್ಮೆಯೂ ಕೂರಲಿಲ್ಲ ಎಂದರೂ ನಂಬಲೇಬೇಕು!

ಕಂಪೆನಿ ನನ್ನ ದೊಡ್ಡಪ್ಪನದು. ಮಂಜೇಶ್ವರದ ಒಂದು ಪುಟ್ಟ ಜವಳಿ ಅಂಗಡಿ ಊರೂರಲ್ಲಿ ಶೋರೂಮು ತೆರೆದು, ಹೊರಗಿನವರನ್ನೂ ಪಾಲಿಗೆ ಸೇರಿಸಿಕೊಂಡು ದೊಡ್ಡದಾಗಿತ್ತು. ಅಷ್ಟರಲ್ಲಿ, ದೊಡ್ಡ ಕಂಪೆನಿಗಳ ಬೋರ್ಡಿನಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು ಎಂಬ ಕಾನೂನು ಬಂತು. ದೊಡ್ಡಪ್ಪ ಹೆಂಗಸನ್ನು ಎಲ್ಲಿ ಹುಡುಕಬೇಕು? ಸೀದಾ ಅಡುಗೆಮನೆಗೆ ಹೋದರು. ಅವರ ತಂಗಿ, ಅಂದರೆ ನನ್ನ ಅತ್ತೆ, ಹಲಸಿನ ಹಪ್ಪಳ ಕರಿಯುತ್ತಿದ್ದರು.

“ಸೈನ್ ಹಾಕು. ಮೀಟಿಂಗಿಗೆ ಬಾ, ಚಾ ಕುಡಿ, ಹೋಗು. ಬೇರೆ ಎಂತ ಕೆಲಸವೂ ಇಲ್ಲ.”

ಅಣ್ಣನ ಎದುರು ಕೂರುವ ಕ್ರಮ ನಮ್ಮ ಮನೆಯ ಹೆಂಗಸರಿಗೆ ಇರಲಿಲ್ಲ. ಅತ್ತೆ ಮೊದಲ ಮೀಟಿಂಗಿನಲ್ಲಿ ಸೆರಗು ಹೊದ್ದು ಬಾಗಿಲ ಬಳಿ ನಿಂತರು.

“ಕೂತ್ಕೊ ಮಾರಾಯ್ತಿ, ನಿನ್ನನ್ನು ಕರ್ಕೊಂಡು ಬಂದದ್ದೇ ಕೂರ್ಲಿಕ್ಕೆ!”

“ನಿಮ್ಮೆದುರು ಕೂತು ಅಭ್ಯಾಸ ಇಲ್ಲ ಅಣ್ಣ. ನೀವು ಮಾತಾಡಿ, ನಾನು ಕೇಳ್ತೇನೆ.”

ಚಾ ಬಂದಾಗ ಟ್ರೇ ಇಸಿದುಕೊಂಡು ತಾವೇ ಹಂಚಿದರು. ಕಂಪೆನಿಯ ವಾರ್ಷಿಕ ವರದಿಗೆ ಫೋಟೋ ತೆಗೆಯಲು ಬಂದವನು, “ಚಾ ಕೊಟ್ಟಾಯ್ತಲ್ಲ ಅಮ್ಮ, ಸ್ವಲ್ಪ ಆಚೆ ನಿಲ್ಲಿ” ಎಂದ. ಅತ್ತೆ ಆಚೆ ನಿಂತೇಬಿಟ್ಟರು! ಆ ವರ್ಷದ ವರದಿಯಲ್ಲಿ ಮಹಿಳಾ ಡೈರೆಕ್ಟರ ಹೆಸರುಂಟು, ಮುಖವಿಲ್ಲ.

ಡೈರೆಕ್ಟರ್ ಆದ ಮೇಲೆ ಅಂಗಡಿ ನೋಡಬೇಡವೇ? ಒಂದು ದಿನ ನನ್ನ ಕಾರಿನಲ್ಲೇ ಕಾಸರಗೋಡಿನ ಶೋರೂಮಿಗೆ ಹೊರಟರು. ಮ್ಯಾನೇಜರ್ ಕುರ್ಚಿ ಹಿಡಿದುಕೊಂಡು ಓಡಿ ಬಂದ. ಅತ್ತೆ ಕೌಂಟರಿನ ಹಿಂದೆ ನಿಂತಿದ್ದ ಹುಡುಗಿಯರ ಕಡೆ ನೋಡಿದರು.

“ಇವರಿಗೆ ಕುರ್ಚಿ?”

“ಅವರು ಕೂರುವ ಕ್ರಮ ಇಲ್ಲಮ್ಮ. ಗಿರಾಕಿಗಳಿಗೆ ಮರ್ಯಾದೆ ಕೊಡ್ಬೇಕಲ್ಲ?”

ಅತ್ತೆ ಕೌಂಟರಿನ ಒಳಗೆ ಹೋಗಿ ಸಂಜೆಯವರೆಗೂ ಹುಡುಗಿಯರ ಜೊತೆ ನಿಂತು ಸೀರೆ ಮಡಚಿದರು. ನಡುವೆ ಒಬ್ಬ ಗಿರಾಕಿಗೆ, “ಈ ಬಣ್ಣ ನಿಮಗೆ ಒಪ್ಪುವುದಿಲ್ಲ, ಬಿಡಿ” ಎಂದು ಹೇಳಿ ವ್ಯಾಪಾರವನ್ನೂ ಕೆಡಿಸಿದರು! ಮರಳುವಾಗ ಅವರ ಪಾದ ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಬಾಗಿಲ ಬಳಿಯಿಂದ ದನಿ ಬಂತು. “ಹುಡುಗಿಯರಿಗೆ ಒಂದೊಂದು ಸ್ಟೂಲು ಹಾಕಿಸಿ ಅಣ್ಣ.”

“ನೋಡುವಾ.”

“ಹಾಗಾದರೆ ಅವರು ಕೂತ ದಿನ ನಾನೂ ಕೂರ್ತೇನೆ.”

ಅಲ್ಲಿಗೆ ಅಭ್ಯಾಸ ಹೋಗಿ ಹಠವಾಯಿತು. ಪ್ರತಿ ಮೀಟಿಂಗಿನಲ್ಲೂ ಸ್ಟೂಲಿನ ಮಾತು, ಪ್ರತಿ ಸಲವೂ “ನೋಡುವಾ”. ಕಾಲಿನ ನರ ಗಂಟುಕಟ್ಟಿ, ನಿಲ್ಲಲೇಬಾರದು ಎಂದು ಡಾಕ್ಟರು ಬೈದರೆ, “ಅದನ್ನು ನನ್ನ ಅಣ್ಣನಿಗೆ ಹೇಳಿ” ಎಂದರು.

ಅಣ್ಣ ನೋಡಲಿಲ್ಲ. ಅತ್ತೆ ತೀರಿಕೊಂಡರು. ಅದಾದ ಮೇಲೆ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಲೇಬೇಕು ಎಂದು ಕೇರಳ ಸರಕಾರ ಕಾನೂನು ತಂತು. ತಂಗಿ ಬೇಡಿದಾಗ ಬಾರದ ಸ್ಟೂಲುಗಳು ಸರಕಾರ ಹೇಳಿದಾಗ ಬಂದವು. ಎಷ್ಟು ಸಣ್ಣ ಆಸೆಯಾಗಿತ್ತು ಅದು!

ಒಮ್ಮೆ ದೊಡ್ಡಪ್ಪನನ್ನು ಅದೇ ಶೋರೂಮಿಗೆ ಕರೆದುಕೊಂಡು ಹೋಗಿದ್ದೆ. ಅವರನ್ನು ಕಂಡದ್ದೇ ಹುಡುಗಿಯರೆಲ್ಲ ಧಡಕ್ಕನೆ ಎದ್ದು ನಿಂತರು.

“ಕೂತ್ಕೊಳ್ಳಿ ಮಕ್ಕಳೇ, ಕೂತ್ಕೊಳ್ಳಿ.”

ಎಲ್ಲರೂ ಕೂತರು. ಒಬ್ಬಳು ಮಾತ್ರ ಸೆರಗು ಹಿಡಿದುಕೊಂಡು ನಿಂತೇ ಇದ್ದಳು. “ಬೇಡ ಸಾರ್, ನಿಮ್ಮೆದುರು ಹೇಗೆ...”

ದೊಡ್ಡಪ್ಪ ಅವಳ ಸ್ಟೂಲನ್ನು ತಾವೇ ಎಳೆದು ಮುಂದಿಟ್ಟರು. “ಹಾಗೆ ಹೇಳ್ಬೇಡ ಮಗಳೇ. ನನ್ನ ತಂಗಿ ಹಾಗೆ ಹೇಳಿಯೇ ಹೋಗಿಬಿಟ್ಟಳು. ನೀನಾದರೂ ಕೂತ್ಕೊ.”

ಅವಳು ಕೂರುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.